ರೋಗಿಗೊಂದು ಸಂಖ್ಯೆ, ವೈದ್ಯರಿಗೊಂದು ಸಂಖ್ಯೆ: ಏನಿದು, ಏತಕ್ಕೆ?

ಕಳೆದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ, ಗೊಬ್ಬರದ ಸರಬರಾಜು, ಕೊಳೆರೋಗದ ಔಷಧಿ ಇತ್ಯಾದಿ ವಿಷಯಗಳೆಲ್ಲ ಮುಗಿದು ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ನಿಂತು ಒಂದು ಪ್ರಶ್ನೆ ಕೇಳಿದರು. "ಸೆಕ್ರೆಟರಿಯವರೇ, ಆಸ್ಪತ್ರೆಗೆ ಹೋದರೆ ಆಭಾ ನಂಬರು ಉಂಟಾ ಅಂತ ಕೇಳ್ತಾರೆ. ಆಧಾರ್ ಉಂಟು, ರೇಷನ್ ಕಾರ್ಡು ಉಂಟು, ಯಶಸ್ವಿನಿ ಕಾರ್ಡೂ ಉಂಟು. ಇನ್ನು ಇದೊಂದು ಎಂಥಕ್ಕೆ? ಮಾಡಿಸ್ಬೇಕೋ ಬೇಡ್ವೋ?" ಆ ದಿನ ನಮ್ಮಲ್ಲಿ ನೆಟ್ಟಗಿನ ಉತ್ತರ ಇರಲಿಲ್ಲ. ಪತ್ರಿಕೆಯಲ್ಲಿ ಬರೆಯುತ್ತೇವೆ ಎಂದು ಮಾತು ಕೊಟ್ಟು ಊಟಕ್ಕೆ ಎದ್ದೆವು. ಆಮೇಲೆ ಬಲ್ಲವರಲ್ಲಿ ಕೇಳಿ, ಸರಕಾರದ ಕಾಗದಪತ್ರ ಓದಿ, ಸ್ವತಃ ಒಂದು ಸಂಖ್ಯೆ ಮಾಡಿಸಿಕೊಂಡೂ ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಬೆಳೆಗಾರರಿಗೆ ಸಂಖ್ಯೆಯ ಬೆಲೆ ಹೊಸದಾಗಿ ಹೇಳಬೇಕಾದ್ದಿಲ್ಲ. ಅಡಿಕೆ ಮೂಟೆ ಸೊಸೈಟಿಯ ಅಂಗಳಕ್ಕೆ ಬಂದ ಕೂಡಲೇ ತೂಕ ಮಾಡಿ ಚೀಟಿ ಬರೆದು ಲಾಟು ನಂಬರು ಹಾಕುತ್ತೇವೆ. ಆಮೇಲೆ ಟೆಂಡರಿನಲ್ಲಿ ವ್ಯಾಪಾರಿ ಧಾರಣೆ ಬರೆಯುವುದು ನಂಬರಿಗೆ, ಹೆಸರಿಗಲ್ಲ. ಒಂದು ವರ್ಷ ನಮ್ಮಲ್ಲೇ ಎರಡು ಚೀಟಿ ಅದಲುಬದಲಾಗಿ ಒಬ್ಬರ ಹಸಕ್ಕೆ ಗೊರಬಲಿನ ಧಾರಣೆಯೂ ಇನ್ನೊಬ್ಬರ ಗೊರಬಲಿಗೆ ಹಸದ ಧಾರಣೆಯೂ ಬಿದ್ದು ದೊಡ್ಡ ಗಲಾಟೆಯಾಯಿತು. ತೂಕದ ಪುಸ್ತಕ ಇದ್ದುದರಿಂದ ಸಂಜೆಯೊಳಗೆ ಸರಿಯಾಯಿತು. ಕಾಫಿಯವರಿಗೂ ಹಾಗೆಯೇ. 1996ರಲ್ಲಿ ಕಾಫಿ ಮಂಡಳಿಯ ಪೂಲು ಪೂರ್ತಿ ಮುಗಿಯುವ ತನಕ ಪೂಲಿಗೆ ಹಾಕಿದ ಕಾಫಿಯ ಹಣ ಕಂತು ಕಂತಾಗಿ ವರ್ಷಗಟ್ಟಲೆ ಬರುತ್ತಿತ್ತಲ್ಲ, ಅದು ತಪ್ಪದೆ ಅವರವರ ಕೈಗೇ ಬರುತ್ತಿದ್ದುದು ನೋಂದಣಿ ಸಂಖ್ಯೆಯ ಬಲದಿಂದ. ಭೂಮಿಗೆ ಸರ್ವೆ ನಂಬರು, ಹಿಸ್ಸಾ ನಂಬರು ಉಂಟು. ಮೂಟೆಗೆ ನಂಬರು ಉಂಟು. ಆಸ್ಪತ್ರೆಯಲ್ಲಿ ಮಲಗಿದ ಮನುಷ್ಯನಿಗೆ ಮಾತ್ರ ನಮ್ಮ ದೇಶದಲ್ಲಿ ಬಹುಕಾಲ ಹೆಸರು, ವಯಸ್ಸು, ಊರು ಇಷ್ಟೇ ಗುರುತು.

ಹೆಸರು ಎಷ್ಟು ಸಡಿಲವಾದ ಗುರುತು ಎಂಬುದನ್ನು ಸಂಘದ ಸದಸ್ಯರ ಪುಸ್ತಕ ತೆರೆದವರು ಬಲ್ಲರು. ಒಂದೇ ಹೆಸರು, ಒಂದೇ ಇನಿಷಿಯಲ್ಲು, ಒಂದೇ ಗ್ರಾಮದವರು ನಾಲ್ಕು ಜನ ಇದ್ದಾರೆ. ಅವರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ. ವಯಸ್ಸಂತೂ ನಮ್ಮ ಹಿರಿಯರಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದದ್ದೇ ಸೈ. ಕನ್ನಡದ ಹೆಸರು ಇಂಗ್ಲಿಷಿಗೆ ಹೋಗುವಾಗ ಒಂದು ಆಸ್ಪತ್ರೆಯಲ್ಲಿ ಒಂದು ಬಗೆ, ಮತ್ತೊಂದರಲ್ಲಿ ಮತ್ತೊಂದು ಬಗೆ.

ಇದರಿಂದ ಏನಾಗಬಹುದೆಂಬುದು ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗದಿಂದ ತಿಳಿದೀತು. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರು ಅಂಗಳದಲ್ಲಿ ಜಾರಿ ಬಿದ್ದು ಪೇಟೆಯ ಒಂದು ಆಸ್ಪತ್ರೆಗೆ ಸೇರಿದರು. ಅಲ್ಲಿ ಹಿಂದೊಮ್ಮೆ ತೋರಿಸಿದ್ದರಿಂದ ಹಳೆಯ ಫೈಲು ಇತ್ತು. ಹೆಸರು ಹೇಳಿದೆವು, ಫೈಲು ಬಂತು. ಎರಡನೆಯ ದಿನ ಬೆಳಿಗ್ಗೆ ನರ್ಸು ಇನ್ಸುಲಿನ್ ಸಿರಿಂಜು ಹಿಡಿದು ಬಂದಾಗ ತಾಯಿಯವರು, "ಎಂಥ ಮಾರಾಯ್ತಿ, ನಂಗೆ ಸಕ್ಕರೆ ಕಾಯಿಲೆ ಇಲ್ಲ, ಇದು ಯಾರಿಗೆ ತಂದದ್ದು?" ಎಂದು ಕೇಳಿದರು. ಆ ಹುಡುಗಿ ಬುದ್ಧಿವಂತೆ. ಫೈಲಿನಲ್ಲಿದೆ ಎಂದು ವಾದಿಸದೆ ಕೈ ಹಿಂದೆ ತೆಗೆದು ಹೋಗಿ ವಿಚಾರಿಸಿದಳು. ಬಂದಿದ್ದ ಫೈಲು ಅದೇ ಹೆಸರಿನ, ನೆರೆಯ ಗ್ರಾಮದ ಇನ್ನೊಬ್ಬ ಹೆಂಗಸಿನದು. ಸಕ್ಕರೆ ಕಾಯಿಲೆ ಇಲ್ಲದ ಎಂಬತ್ತರ ಹತ್ತಿರದ ಮುದುಕಿಗೆ ಇನ್ಸುಲಿನ್ ಕೊಟ್ಟರೆ ರಕ್ತದ ಸಕ್ಕರೆ ಥಟ್ಟನೆ ಇಳಿದು ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು. ತಾಯಿಯವರಿಗೆ ಆ ದಿನ ಎಚ್ಚರವಿತ್ತು, ಬಾಯಿಯೂ ಇತ್ತು. ಮಂಪರಿನಲ್ಲಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನಾವು ಇಂದಿಗೂ ನೆನೆಯಲಾರೆವು.

ಇಂಥದು ನಮ್ಮ ದೇಶದ ತೊಂದರೆ ಮಾತ್ರವಲ್ಲ. ಆದ ಕಾರಣ ಬೇರೆ ದೇಶಗಳು ಬಹಳ ಹಿಂದೆಯೇ ಈ ಸಂಖ್ಯೆಯ ವಿಚಾರಕ್ಕೆ ಕೈ ಹಾಕಿದವು. ಸ್ವೀಡನ್ 1947ರಲ್ಲೇ ಪ್ರತಿ ಪ್ರಜೆಗೂ ಒಂದು ಸಂಖ್ಯೆ ಕೊಟ್ಟಿತು, ಡೆನ್ಮಾರ್ಕ್ 1968ರಲ್ಲಿ ಕೊಟ್ಟಿತು. ಅಲ್ಲಿ ಆಸ್ಪತ್ರೆಗೂ ಅದೇ ಸಂಖ್ಯೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಚಿಕಿತ್ಸೆಗೆಂದೇ ಬೇರೆ ಸಂಖ್ಯೆ ಉಂಟು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯ ಈಗಿನ ಹತ್ತು ಅಂಕಿಯ ಸಂಖ್ಯೆ 1996ರಿಂದ ಬಳಕೆಯಲ್ಲಿದೆ.

ಆ ಹತ್ತು ಅಂಕಿಗಳಲ್ಲಿ ಒಂದು ಸೊಗಸಾದ ಉಪಾಯವಿದೆ. ಲೆಕ್ಕದಲ್ಲಿ ಆಸಕ್ತಿ ಇರುವ ಸದಸ್ಯರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ, ಇಲ್ಲದವರು ಮುಂದಿನ ಭಾಗಕ್ಕೆ ಹೋಗಬಹುದು. ಮೊದಲ ಒಂಬತ್ತು ಅಂಕಿಗಳು ಮಾತ್ರ ನಿಜವಾದ ಸಂಖ್ಯೆ. ಹತ್ತನೆಯದು ಕಾವಲು ಅಂಕಿ. ಮೊದಲ ಅಂಕಿಯನ್ನು 10ರಿಂದ, ಎರಡನೆಯದನ್ನು 9ರಿಂದ, ಹೀಗೆ ಇಳಿಯುತ್ತ ಒಂಬತ್ತನೆಯದನ್ನು 2ರಿಂದ ಗುಣಿಸಿ ಎಲ್ಲ ಕೂಡಿಸಬೇಕು. ಮೊತ್ತವನ್ನು 11ರಿಂದ ಭಾಗಿಸಿ, ಉಳಿದ ಶೇಷವನ್ನು 11ರಲ್ಲಿ ಕಳೆದರೆ ಬರುವುದೇ ಹತ್ತನೆಯ ಅಂಕಿ. ಲೆಕ್ಕಕ್ಕೆಂದು 999 123 457 ಎಂಬುದನ್ನು ಇಟ್ಟುಕೊಳ್ಳೋಣ. ಗುಣಿಸಿ ಕೂಡಿಸಿದರೆ 322 ಬರುತ್ತದೆ. 11ರಿಂದ ಭಾಗಿಸಿದರೆ ಶೇಷ 3. ಹನ್ನೊಂದರಲ್ಲಿ ಮೂರು ಹೋದರೆ 8. ಆದ್ದರಿಂದ ಪೂರ್ತಿ ಸಂಖ್ಯೆ 999 123 4578. ಈಗ ಗುಮಾಸ್ತರು ಅವಸರದಲ್ಲಿ 23 ಎಂಬುದನ್ನು 32 ಎಂದು ತಿರುಗಿಸಿ ಬರೆದರೆನ್ನಿ. ಮೊತ್ತ 323 ಆಗುತ್ತದೆ, ಶೇಷ 4, ಕಾವಲು ಅಂಕಿ 7 ಬರಬೇಕು. ಕಾಗದದಲ್ಲಿರುವುದು 8. ಯಂತ್ರ ಕೂಡಲೇ "ತಪ್ಪಾಗಿದೆ, ಮತ್ತೊಮ್ಮೆ ನೋಡಿ" ಎನ್ನುತ್ತದೆ. (ಲೆಕ್ಕದಲ್ಲಿ 11 ಬಂದರೆ ಕಾವಲು ಅಂಕಿ 0. 10 ಬಂದರೆ ಆ ಸಂಖ್ಯೆಯನ್ನು ಯಾರಿಗೂ ಕೊಡುವುದಿಲ್ಲ.) ಒಂದು ಅಂಕಿ ತಪ್ಪಿದರೂ, ಪಕ್ಕದ ಎರಡು ಅಂಕಿ ಅದಲುಬದಲಾದರೂ ಇದು ಹಿಡಿಯುತ್ತದೆ. ನಮ್ಮ ಆಧಾರಿನ ಹನ್ನೆರಡನೆಯ ಅಂಕಿಯೂ ಇಂಥದೇ ಕಾವಲು, ಲೆಕ್ಕದ ಕ್ರಮ ಮಾತ್ರ ಬೇರೆ. ಸಂಘದ ಲಾಟು ಚೀಟಿಗೂ ಇಂಥದೊಂದು ಅಂಕಿ ಹಾಕಿದ್ದರೆ ಮೇಲೆ ಹೇಳಿದ ಗಲಾಟೆ ಆಗುತ್ತಿರಲಿಲ್ಲವೇ ಎಂದು ನಮ್ಮ ಗುಮಾಸ್ತರು ಕೇಳಿದರು. ಇಲ್ಲ, ಆಗುತ್ತಿತ್ತು. ಅಲ್ಲಿ ಅಂಕಿ ತಪ್ಪಿರಲಿಲ್ಲ, ಸರಿಯಾದ ಚೀಟಿಯನ್ನೇ ತಪ್ಪು ಮೂಟೆಗೆ ಕಟ್ಟಿದ್ದು. ಆ ತಪ್ಪನ್ನು ಯಾವ ಲೆಕ್ಕವೂ ಹಿಡಿಯಲಾರದು. ಕಟ್ಟುವವನೇ ನೋಡಬೇಕು. ಆಸ್ಪತ್ರೆಯಲ್ಲೂ ಅಷ್ಟೇ.

ಸ್ಕಾಟ್ಲೆಂಡಿನಲ್ಲಿ ಹತ್ತಂಕಿಯ ಬೇರೆ ಸಂಖ್ಯೆ ಇದ್ದು ಅದರ ಮೊದಲ ಆರು ಅಂಕಿ ಹುಟ್ಟಿದ ದಿನಾಂಕ. ನೆನಪಿಟ್ಟುಕೊಳ್ಳಲು ಸುಲಭ ನಿಜ, ಆದರೆ ಚೀಟಿ ನೋಡಿದವರಿಗೆಲ್ಲ ವಯಸ್ಸು ಗೊತ್ತಾಗುತ್ತದೆ. ನಮ್ಮಲ್ಲಾದರೆ ಮೇಷ್ಟರು ಬರೆದ ಜನ್ಮದಿನಾಂಕ ತಿದ್ದಿಸಿದಾಗಲೆಲ್ಲ ಸಂಖ್ಯೆಯನ್ನೂ ತಿದ್ದಬೇಕಾಗುತ್ತಿತ್ತು. ಯಾವ ಅರ್ಥವನ್ನೂ ಹೇಳದ ಸಂಖ್ಯೆಯೇ ಇಲ್ಲಿ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಅಮೆರಿಕದ ಕಥೆ ವಿಚಿತ್ರವಾಗಿದೆ. 1996ರಲ್ಲಿ ಅಲ್ಲಿ ಒಂದು ದೊಡ್ಡ ಕಾಯಿದೆ ಬಂದು, ರೋಗಿಗೂ ವೈದ್ಯರಿಗೂ ಉದ್ಯೋಗದಾತರಿಗೂ ವಿಮಾ ಯೋಜನೆಗೂ ಒಂದೊಂದು ಸಂಖ್ಯೆ ಆಗಬೇಕೆಂದು ಹೇಳಿತು. ವೈದ್ಯರದ್ದು ಆಯಿತು. 2007ರ ಮೇ 23ರಿಂದ ಅಲ್ಲಿನ ವೈದ್ಯರೂ ಆಸ್ಪತ್ರೆಗಳೂ ವಿಮಾ ಬಿಲ್ಲುಗಳಲ್ಲಿ ಹತ್ತು ಅಂಕಿಯ ರಾಷ್ಟ್ರೀಯ ಸಂಖ್ಯೆ ಬರೆಯಬೇಕಾಯಿತು. ರೋಗಿಯದ್ದು ಮಾತ್ರ ನಿಂತುಹೋಯಿತು. ಜನರ ಕಾಯಿಲೆಯ ಗುಟ್ಟು ಸರಕಾರದ ಕೈಗೆ ಹೋಗುತ್ತದೆಂಬ ಕೂಗು ಎದ್ದು, 1998ರಲ್ಲಿ ಅಲ್ಲಿನ ಸಂಸತ್ತು ಆ ಕೆಲಸಕ್ಕೆ ಹಣ ಖರ್ಚು ಮಾಡಕೂಡದೆಂದು ಆಯವ್ಯಯದಲ್ಲೇ ಬರೆದಿಟ್ಟಿತು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದ ಆಸ್ಪತ್ರೆಗಳು ಹೆಸರು, ಜನ್ಮದಿನಾಂಕ, ವಿಳಾಸಗಳನ್ನು ಹೋಲಿಸಿ ಫೈಲು ಹುಡುಕುತ್ತಿವೆ.

ಇನ್ನು ನಮ್ಮಲ್ಲಿಗೆ ಬರೋಣ. ನಮ್ಮಲ್ಲಿ ಸಂಖ್ಯೆಗಳಿಗೆ ಬರವಿರಲಿಲ್ಲ, ಒಂದಕ್ಕೊಂದು ಸಂಬಂಧವಿರಲಿಲ್ಲ ಅಷ್ಟೆ. ಬಸುರಿ ಹೆಂಗಸಿಗೆ ತಾಯಿ ಕಾರ್ಡಿನ ಸಂಖ್ಯೆ, ಕ್ಷಯದ ರೋಗಿಗೆ 2012ರಿಂದ ನಿಕ್ಷಯ್ ಸಂಖ್ಯೆ, ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಓ.ಪಿ. ನಂಬರು. ಸಹಕಾರಿಗಳಾದ ನಮಗೆ 2003ರಲ್ಲಿ ಯಶಸ್ವಿನಿ ಯೋಜನೆ ಬಂದಾಗ ಅದರ ಕಾರ್ಡು ಬಂತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿ ನಿಲ್ಲಿಸಿದಾಗ ಆ ಕಾರ್ಡು ಪೆಟ್ಟಿಗೆ ಸೇರಿತು. 2022-23ರಲ್ಲಿ ಯೋಜನೆ ಮತ್ತೆ ಆರಂಭವಾದಾಗ ಮತ್ತೆ ನೋಂದಣಿ ಮಾಡಿಸಿದೆವು. ಆ ಸಾಲಿನಲ್ಲಿ ನಿಂತವರಿಗೆಲ್ಲ ನೆನಪಿರಬೇಕು.

ಈ ಬಿಡಿ ಸಂಖ್ಯೆಗಳ ನಡುವೆ ಒಂದು ಕೊಂಡಿ ಬೇಕೆಂದು ಕೇಂದ್ರ ಸರಕಾರ 2020ರ ಆಗಸ್ಟ್ 15ರಂದು ಒಂದು ಯೋಜನೆಯನ್ನು ಘೋಷಿಸಿ, ಮೊದಲು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪರೀಕ್ಷಿಸಿ, 2021ರ ಸೆಪ್ಟೆಂಬರ್ 27ರಿಂದ ಇಡೀ ದೇಶಕ್ಕೆ ವಿಸ್ತರಿಸಿತು. ಅದರ ಹೆಸರು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. ಅದರಲ್ಲಿ ಪ್ರಜೆಗೆ ಸಿಗುವ ಹದಿನಾಲ್ಕು ಅಂಕಿಯ ಸಂಖ್ಯೆಯೇ ಆಭಾ, ಅಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಮೊದಲೇ ತೆಗೆದುಹಾಕಬೇಕು. ಆಭಾ ಸಂಖ್ಯೆಯಿಂದ ಒಂದು ಪೈಸೆಯ ಚಿಕಿತ್ಸೆಯೂ ಪುಕ್ಕಟೆ ಸಿಗುವುದಿಲ್ಲ. ಐದು ಲಕ್ಷ ರೂಪಾಯಿಯ ಚಿಕಿತ್ಸೆಯ ಆಯುಷ್ಮಾನ್ ಕಾರ್ಡು ಬೇರೆ, ಇದು ಬೇರೆ. ಹೆಸರಿನಲ್ಲಿ ಎರಡಕ್ಕೂ ಆಯುಷ್ಮಾನ್ ಎಂದಿರುವುದರಿಂದ ಓದಿದವರೂ ಗೊಂದಲಕ್ಕೆ ಬೀಳುತ್ತಾರೆ. ನಮ್ಮ ಒಬ್ಬ ಸದಸ್ಯರು ಆಭಾ ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿ, ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆ ಇದರಲ್ಲೇ ಆಗುತ್ತದೆಂದು ಆಸ್ಪತ್ರೆಗೆ ಹೋಗಿ ಬಂದಿದ್ದಾರೆ. ಅವರಿಗೆ ಬೇಕಾಗಿದ್ದುದು ಯಶಸ್ವಿನಿಯ ಕಾರ್ಡು. ಅದು ಮನೆಯಲ್ಲಿ ಗಡಿಯಾರದ ಹಿಂದೆ ಇತ್ತು.

ಹಾಗಾದರೆ ಆಭಾ ಮಾಡುವ ಕೆಲಸ ಯಾವುದು? ಅದು ಕೇವಲ ಖಾತೆಯ ಪುಟಸಂಖ್ಯೆ. ಒಬ್ಬ ಬೆಳೆಗಾರರ ಲೆಕ್ಕ ಸಂಘದಲ್ಲೊಂದು, ಕ್ಯೂರಿಂಗ್ ವರ್ಕ್ಸಿನಲ್ಲೊಂದು, ಬ್ಯಾಂಕಿನಲ್ಲೊಂದು ಇರುತ್ತದೆ. ಮೂರೂ ಪುಸ್ತಕಗಳನ್ನು ಒಂದೇ ಗೋದಾಮಿಗೆ ತಂದು ಹಾಕಬೇಕಾಗಿಲ್ಲ. ಮೂರರಲ್ಲೂ ಒಂದೇ ಸದಸ್ಯ ಸಂಖ್ಯೆ ಬರೆದಿದ್ದರೆ ಬೇಕಾದಾಗ ಬೇಕಾದ ಪುಟ ತೆಗೆಯಬಹುದು. ಆಭಾದ ವ್ಯವಸ್ಥೆಯೂ ಹೀಗೆಯೇ. ರಕ್ತಪರೀಕ್ಷೆಯ ವರದಿ, ಔಷಧ ಚೀಟಿ, ಡಿಸ್ಚಾರ್ಜ್ ಕಾಗದ ಇವು ಮಾಡಿದ ಆಸ್ಪತ್ರೆಯಲ್ಲೇ ಇರುತ್ತವೆ. ಇನ್ನೊಬ್ಬ ವೈದ್ಯರಿಗೆ ಅವು ಬೇಕಾದರೆ ರೋಗಿಯ ಫೋನಿಗೆ ಕೇಳಿಕೆ ಬರುತ್ತದೆ: ಯಾರು ಕೇಳುತ್ತಿದ್ದಾರೆ, ಯಾವ ಕಾಗದ, ಏತಕ್ಕೆ, ಎಲ್ಲಿಯ ತನಕ. ಒಪ್ಪಬಹುದು, ಒಪ್ಪದೆ ಇರಬಹುದು, ಒಪ್ಪಿದ್ದನ್ನು ಆಮೇಲೆ ಹಿಂತೆಗೆದುಕೊಳ್ಳಬಹುದು.

ರೋಗಿಯ ಸಂಖ್ಯೆಯೊಂದರಿಂದಲೇ ಕೆಲಸ ಮುಗಿಯದು. ಕಾಗದದಲ್ಲಿ "ಪೆನಿಸಿಲಿನ್ ಆಗದು" ಎಂದು ಬರೆದಿದ್ದರೆ, ಅದನ್ನು ಬರೆದವರು ಯಾರು, ನಿಜವಾದ ವೈದ್ಯರೇ, ಯಾವ ಆಸ್ಪತ್ರೆಯಲ್ಲಿ ಎಂಬುದೂ ತಿಳಿಯಬೇಕಲ್ಲ. ಆದ್ದರಿಂದ ಇದೇ ಮಿಷನ್ನಿನಲ್ಲಿ ವೈದ್ಯರು, ನರ್ಸುಗಳಿಗೊಂದು ರಿಜಿಸ್ಟರು, ಆಸ್ಪತ್ರೆ, ಕ್ಲಿನಿಕ್ಕು, ಲ್ಯಾಬುಗಳಿಗೊಂದು ರಿಜಿಸ್ಟರು ಇಟ್ಟು ಪ್ರತಿಯೊಬ್ಬರಿಗೂ ಪ್ರತ್ಯೇಕ ಸಂಖ್ಯೆ ಕೊಡುತ್ತಾರೆ. ಅಲೋಪತಿಯವರಂತೆ ಆಯುರ್ವೇದ, ಹೋಮಿಯೋಪತಿ ವೈದ್ಯರೂ ಅದರಲ್ಲಿ ಸೇರಬಹುದು. ವೈದ್ಯರಿಗೆ ಮೊದಲಿನಿಂದಲೂ ರಾಜ್ಯ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆ. ಆದರೆ ಪ್ರತಿ ರಾಜ್ಯದ ಪರಿಷತ್ತೂ ತನ್ನದೇ ಎಣಿಕೆ ಮಾಡುವುದರಿಂದ ಕರ್ನಾಟಕದ ಒಬ್ಬರಿಗೂ ಕೇರಳದ ಒಬ್ಬರಿಗೂ ಒಂದೇ ಅಂಕಿ ಬರಬಹುದು. ಎರಡು ಗ್ರಾಮಗಳಲ್ಲಿ ಸರ್ವೆ ನಂಬರು 42 ಇದ್ದ ಹಾಗೆ. ಗ್ರಾಮದ ಹೆಸರು ಬಿಟ್ಟು ನಂಬರು ಮಾತ್ರ ಹೇಳಿದರೆ ಅಳೆಯುವವನು ಎಲ್ಲಿಗೆ ಹೋಗಬೇಕು? ಇಡೀ ದೇಶದ ಒಂದೇ ವೈದ್ಯಕೀಯ ರಿಜಿಸ್ಟರನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2024ರ ಆಗಸ್ಟಿನಲ್ಲಿ ಆರಂಭಿಸಿತು. ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳು 2007ರ ಕಾಯಿದೆಯಂತೆ ನೋಂದಣಿ ಪಡೆದು ಅದರ ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಬೇಕು. ಒಳಗೆ ಹೋದಾಗ ಒಮ್ಮೆ ಗೋಡೆ ನೋಡಿರಿ. ಹುಸಿ ವೈದ್ಯರ ಸೂಜಿಯಿಂದ ಕೀವುಗಟ್ಟಿ ನರಳಿದ ಕೂಲಿಯವರನ್ನು ನಾವು ಕಂಡಿದ್ದೇವೆ.

ಕೂಲಿಯವರ ಮಾತು ಬಂದದ್ದರಿಂದ ಹೇಳುತ್ತೇವೆ. ಈ ಸಂಖ್ಯೆಯ ಉಪಯೋಗ ಹೆಚ್ಚಾಗಿ ಆಗಬೇಕಾದ್ದು ತೋಟದ ಮಾಲೀಕರಿಗಲ್ಲ. ನಮ್ಮ ಫೈಲು ನಮ್ಮ ಬೀರುವಿನಲ್ಲಿರುತ್ತದೆ, ಡಾಕ್ಟರಿಗೂ ಮುಖಪರಿಚಯ ಇರುತ್ತದೆ. ಅಸ್ಸಾಂ, ಝಾರ್ಖಂಡಿನಿಂದ ಕಾಫಿ ಕೊಯ್ಲಿಗೆ ಬರುವವರು ಒಂದು ವರ್ಷ ಮೂಡಿಗೆರೆಯಲ್ಲಿದ್ದರೆ ಇನ್ನೊಂದು ವರ್ಷ ಕೊಡಗಿನಲ್ಲಿರುತ್ತಾರೆ. ಲೈನ್ ಮನೆ ಬದಲಾದಾಗ ಚೀಟಿ ಕಳೆಯುತ್ತದೆ, ಕ್ಷಯದ ಗುಳಿಗೆ ನಡುವೆ ನಿಲ್ಲುತ್ತದೆ, ಮುಂದಿನ ಆಸ್ಪತ್ರೆಯಲ್ಲಿ ಭಾಷೆಯೂ ಬಾರದು. ಸಂಖ್ಯೆಯಾದರೂ ಜತೆಗೆ ಹೋದೀತು. ಆದರೆ ಸಾಮಾನ್ಯವಾಗಿ ಆಭಾ ಮಾಡುವುದು ಆಧಾರಿಗೆ ಜೋಡಿಸಿದ ಫೋನಿಗೆ ಬರುವ ಒ.ಟಿ.ಪಿ.ಯಿಂದ. ಅವರ ಆಧಾರಿನಲ್ಲಿರುವುದು ಎಷ್ಟೋ ವೇಳೆ ಊರಿನಲ್ಲಿ ಬಿಟ್ಟುಬಂದ ಹಳೆಯ ಸಿಮ್ಮು. ಹೆಚ್ಚು ಅವಶ್ಯವಿರುವವರಿಗೇ ಹೆಚ್ಚು ಕಷ್ಟ. ನಮ್ಮ ಘಟ್ಟದ ಮರೆಯಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ನಮ್ಮದೂ ಅದೇ ಕಥೆಯೆನ್ನಿ.

ಬೇರೆ ಕೊರತೆಗಳೂ ಇವೆ. ಸಂಖ್ಯೆ ಮಾಡಿಸಿದೊಡನೆ ಹಳೆಯ ಕಾಗದಗಳೆಲ್ಲ ತಾವಾಗಿ ಬಂದು ಸೇರುವುದಿಲ್ಲ. ಆಸ್ಪತ್ರೆಯವರು ಕಂಪ್ಯೂಟರಿನಲ್ಲಿ ದಾಖಲೆ ಇಟ್ಟು ಈ ಸಂಖ್ಯೆಗೆ ಜೋಡಿಸಿದರೆ ಮಾತ್ರ ಉಂಟು. ನಮ್ಮ ಪೇಟೆಯ ಹೆಚ್ಚಿನ ಕ್ಲಿನಿಕ್ಕುಗಳಲ್ಲಿ ಇನ್ನೂ ಕೈಬರಹದ ಚೀಟಿಯೇ. ಚಾಲನಾ ಪರವಾನಗಿಯಿಂದಲೋ ಇನ್ನಾವ ದಾರಿಯಿಂದಲೋ ಒಬ್ಬರಿಗೇ ಎರಡು ಆಭಾ ಆಗಿರುವುದೂ ಉಂಟು. ಎರಡಾದರೆ ಕಾಗದ ಎರಡು ಕಡೆ ಹಂಚಿಹೋಗಿ ಮೂಲ ಉದ್ದೇಶವೇ ಕೆಟ್ಟಿತು.

ಗುಟ್ಟಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2021ರಲ್ಲಿ ಆಧಾರ್ ತೋರಿಸಿ ಕೋವಿಡ್ ಲಸಿಕೆ ಹಾಕಿಸಿಕೊಂಡ ಹಲವರಿಗೆ ಸ್ಪಷ್ಟವಾಗಿ ಕೇಳದೆಯೇ ಆರೋಗ್ಯ ಸಂಖ್ಯೆ ಹುಟ್ಟಿಬಿಟ್ಟಿತು. ನಿಮ್ಮ ಲಸಿಕೆಯ ಪ್ರಮಾಣಪತ್ರ ತೆಗೆದು ನೋಡಿರಿ, ಹದಿನಾಲ್ಕು ಅಂಕಿ ಅಚ್ಚಾಗಿರಬಹುದು. ಒಳ್ಳೆಯದಕ್ಕೇ ಮಾಡಿರಬಹುದು, ಆದರೆ ಕೇಳಿ ಮಾಡಬೇಕಿತ್ತು. ಬೇಲಿ ಹಾಕುವಾಗಲೂ ಪಕ್ಕದ ತೋಟದವರನ್ನು ಕರೆದು ಹಾಕುತ್ತೇವೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೆ ದುಷ್ಕರ್ಮಿಗಳು ನುಗ್ಗಿ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ನಡೆಸಬೇಕಾಯಿತು. ಗುಟ್ಟು ಪ್ರಜೆಯ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿದೆ. ಆ ಮೊಕದ್ದಮೆ ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ಸಂಗತಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆಯಾಗಿ 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಕಲಮುಗಳು ಹಂತಹಂತವಾಗಿ ಜಾರಿಗೆ ಬರುವಂತೆ ಇಟ್ಟಿದ್ದಾರೆ.

ಮಾಡಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇದು. ಕಡ್ಡಾಯವಿಲ್ಲ. ಆಭಾ ಇಲ್ಲವೆಂಬ ಕಾರಣಕ್ಕೆ ಯಾವ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ಹಾಗೆ ಯಾರಾದರೂ ಹೇಳಿದರೆ ಬರೆದುಕೊಡಿ ಎನ್ನಿರಿ. ಮಾಡಿಸಿಕೊಂಡದ್ದು ಬೇಡವಾದರೆ ರದ್ದು ಮಾಡಿಸಲೂಬಹುದು. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇದ್ದು ಶಿವಮೊಗ್ಗ, ಮಣಿಪಾಲ, ಮಂಗಳೂರು ಎಂದು ಎರಡು ಮೂರು ಕಡೆ ತೋರಿಸುವವರು, ಯಾವುದಾದರೂ ಔಷಧಿ ಮೈಗೆ ಆಗದವರು ಮಾಡಿಸಿಕೊಳ್ಳುವುದು ಒಳ್ಳೆಯದು. ಹೊರರೋಗಿ ವಿಭಾಗದ ಬಾಗಿಲಲ್ಲಿ ಅಂಟಿಸಿದ ಚೌಕಳಿ ಚಿತ್ರವನ್ನು ಫೋನಿನಿಂದ ತೋರಿಸಿ ಟೋಕನ್ ಪಡೆಯುವ ಅನುಕೂಲ 2022ರ ಅಕ್ಟೋಬರಿನಿಂದ ಬಂದಿದ್ದು, ಅದಿರುವ ದೊಡ್ಡ ಆಸ್ಪತ್ರೆಗಳಲ್ಲಿ ಸಾಲಿನಲ್ಲಿ ನಿಲ್ಲುವುದಾದರೂ ತಪ್ಪುತ್ತದೆ. ಮಾಡಿಸಿಕೊಂಡವರೂ ಹಳೆಯ ಕಾಗದದ ಫೈಲನ್ನು ಒಲೆಗೆ ಹಾಕಬೇಡಿರಿ. ಯಾರೇ ಫೋನು ಮಾಡಿ ಆಭಾಕ್ಕೆಂದು ಒ.ಟಿ.ಪಿ. ಕೇಳಿದರೆ ಹೇಳಬೇಡಿರಿ.

ಅಪೇಕ್ಷೆಯುಳ್ಳ ಸದಸ್ಯರು ಆಧಾರ್ ಕಾರ್ಡನ್ನೂ ಅದಕ್ಕೆ ಜೋಡಿಸಿದ ಫೋನನ್ನೂ ತೆಗೆದುಕೊಂಡು ಸಂತೆಯ ದಿನ ಮಧ್ಯಾಹ್ನ ಸಂಘದ ಕಛೇರಿಗೆ ಬಂದರೆ ನಮ್ಮ ಗುಮಾಸ್ತರು ಮಾಡಿಕೊಡುತ್ತಾರೆ. ಶುಲ್ಕವಿಲ್ಲ. ತೋಟದ ಆಳುಗಳನ್ನೂ ಕರೆತರಬಹುದು, ಆದರೆ ಅವರ ಒಪ್ಪಿಗೆ ಕೇಳಿ ಕರೆತನ್ನಿರಿ. ಸಂಖ್ಯೆಯ ಪ್ರತಿಯನ್ನು ಸಂಘದಲ್ಲಿ ಇಟ್ಟುಕೊಳ್ಳುವುದಿಲ್ಲ. ನಮ್ಮ ತಾಯಿಯವರ ಸಂಖ್ಯೆಯನ್ನು ಮೊನ್ನೆ ಮಾಡಿಸಿದೆವು. ಅವರು ಅದನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆಸಿಕೊಂಡು, ಕೆಳಗೆ "ಸಕ್ಕರೆ ಕಾಯಿಲೆ ಇಲ್ಲ" ಎಂದೂ ಬರೆಸಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾರೆ.